ಕರಾವಳಿಯಲ್ಲಿ ವೀಕ್ಷಣಾ ಗೋಪುರ: ಕಟ್ಟಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆಯ ಪಂಚಾಯಿತಿಯವರು, ಹೋಂಸ್ಟೇ ನಡೆಸುವವರು, ಆರ್ಕಿಟೆಕ್ಚರ್ ಓದುವ ಮಕ್ಕಳು ಈಚೆಗೆ ಒಂದೇ ವಿಷಯ ಕೇಳುತ್ತಾರೆ: ನಮ್ಮಲ್ಲೊಂದು ವಾಚ್ ಟವರ್ ಆಗಬೇಕು, ಹೇಗೆ ಶುರು ಮಾಡೋಣ? ನಾನು ಇದೇ ಭಾಗದಲ್ಲಿ ಕಟ್ಟಡಗಳ ವಿನ್ಯಾಸ ಮಾಡುವವನು. ಹೆಚ್ಚಾಗಿ ಬರುವ ಪ್ರಶ್ನೆಗಳಿಗೆ ನನಗೆ ಗೊತ್ತಿರುವಷ್ಟು ಉತ್ತರ ಇಲ್ಲಿ ಬರೆದಿಟ್ಟಿದ್ದೇನೆ. ಮೇಲೆ ಹತ್ತಿದವರು ಒಂದು ಫೋಟೋ ತೆಗೆದು ಇಳಿಯಬಾರದು, ಸ್ವಲ್ಪ ಹೊತ್ತು ನಿಂತು ನೋಡಬೇಕು. ಮಳೆಗಾಲದಲ್ಲೂ ನೋಡುವಂತಿರಬೇಕು. ನನ್ನ ಉತ್ತರಗಳೆಲ್ಲ ಇದನ್ನೇ ಹಿಡಿದು ಹೋಗುತ್ತವೆ.

ಗೋಪುರ ಎಷ್ಟು ಎತ್ತರ ಇರಬೇಕು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಸ್ವಲ್ಪ ಲೆಕ್ಕ ನೋಡಿ. ಮರಳಿನ ಮೇಲೆ ನಿಂತವರಿಗೆ ಕಡಲಿನ ಅಂಚು ಕಾಣುವುದು ಸುಮಾರು 4.5 ಕಿಲೋಮೀಟರ್ ದೂರದಲ್ಲಿ. 10 ಮೀಟರ್ ಮೇಲೆ ಹೋದರೆ ಅದು 12 ಕಿಲೋಮೀಟರ್ ಆಗುತ್ತದೆ. 20 ಮೀಟರಿಗೆ ಹದಿನಾರೂವರೆ, 40 ಮೀಟರಿಗೆ 23. ಅಂದರೆ ಮೊದಲ 10 ಮೀಟರಿನಲ್ಲಿ ಸಿಗುವ ಲಾಭ ಆಮೇಲೆ ಸಿಗುವುದಿಲ್ಲ. ಎತ್ತರ ನಾಲ್ಕು ಪಟ್ಟು ಮಾಡಿದರೂ ನೋಟ ಎರಡು ಪಟ್ಟು ಮಾತ್ರ ಬೆಳೆಯುತ್ತದೆ. ಖರ್ಚು ಹಾಗಲ್ಲ, ಅದು ಎತ್ತರಕ್ಕಿಂತ ವೇಗವಾಗಿ ಏರುತ್ತದೆ.

ಇನ್ನೊಂದು ವಿಷಯ ತೆಂಗಿನ ಮರದ್ದು. ನಮ್ಮ ನಾಟಿ ತೆಂಗು 20 ಮೀಟರ್ ದಾಟಿ ಬೆಳೆಯುತ್ತದೆ. ತೋಟದ ಮಧ್ಯೆ 18 ಮೀಟರ್ ಗೋಪುರ ಕಟ್ಟಿದರೆ ಕಣ್ಣೆದುರು ಬರೀ ಮಡಲು, ಅಂದರೆ ತೆಂಗಿನ ಗರಿ. ಒಂದೋ ಮರದ ತಲೆ ದಾಟಬೇಕು, ಇಲ್ಲವೇ ಕಾಂಡಗಳ ನಡುವೆ ದೃಷ್ಟಿ ಹರಿಯುವಂತೆ 8–10 ಮೀಟರಿನಲ್ಲೇ ನಿಲ್ಲಬೇಕು. ತೋಟ ಅಡ್ಡ ಬರದ ಕಡೆ ನನ್ನ ಒಲವು 10ರಿಂದ 15 ಮೀಟರ್ ಕಡೆಗೆ. ಆ ಎತ್ತರದಲ್ಲಿ ಕೆಳಗಿನವರ ಮುಖ ಕಾಣುತ್ತದೆ, ಮಾತು ಕೇಳುತ್ತದೆ, ಗದ್ದೆಯ ಕೆಸರಿನ ವಾಸನೆಯೂ ಬರುತ್ತದೆ.

ಕಾಪುವಿನ ದೀಪಸ್ತಂಭ 1901ರದ್ದು, ಸುಮಾರು 27 ಮೀಟರ್ ಎತ್ತರ. ಅದು ಹಡಗುಗಳಿಗೆ ದೂರದಿಂದ ಕಾಣಬೇಕಿತ್ತು, ಹಾಗಾಗಿ ಆ ಎತ್ತರ ಬೇಕಿತ್ತು. ಮಂಗಳೂರು ಬೋಳೂರಿನ ಸುಲ್ತಾನ್ ಬತ್ತೇರಿ ನೋಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರ ಅದು. ಗಿಡ್ಡ ಕಟ್ಟಡ. ಆದರೂ ಗುರುಪುರ ನದಿಯ ಮೇಲೆ ಕಣ್ಣಿಡಲು ಸಾಕಾಯಿತು, ಯಾಕೆಂದರೆ ಜಾಗ ಸರಿಯಾಗಿ ಆರಿಸಿದ್ದರು.

ಹಾಗಾದರೆ ಜಾಗ ಆರಿಸುವುದು ಹೇಗೆ?

ನಮ್ಮ ನೆಲ ಬೈಲು (ತಗ್ಗಿನ ಗದ್ದೆ), ಮಜಲು (ನಡುವಿನ ಹಂತ), ಬೆಟ್ಟು (ಎತ್ತರದ ನೆಲ) ಅಂತ ಹಂತ ಹಂತವಾಗಿ ಏರುತ್ತದೆ. ಬೆಟ್ಟಿನ ಆಚೆ ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ಪದವು, ಅಂದರೆ ಗುಡ್ಡದ ಮೇಲಿನ ಸಮತಟ್ಟು ಬಯಲು. ಪದವಿನ ಅಂಚಿನಲ್ಲಿ 6 ಮೀಟರಿನ ಅಟ್ಟಣಿಗೆ ಕಟ್ಟಿದರೆ ಬೈಲಿನಲ್ಲಿ ಕಟ್ಟಿದ 25 ಮೀಟರ್ ಗೋಪುರಕ್ಕಿಂತ ಜಾಸ್ತಿ ಕಾಣುತ್ತದೆ. ಮಣಿಪಾಲದ ಎಂಡ್ ಪಾಯಿಂಟಿಗೆ ಹೋಗಿ ನಿಂತರೆ ಇದು ತಾನಾಗಿಯೇ ಅರ್ಥವಾಗುತ್ತದೆ. ಅಲ್ಲಿ ಯಾರೂ ಏನನ್ನೂ ಹತ್ತಬೇಕಿಲ್ಲ, ಕೆಳಗೆ ಸ್ವರ್ಣಾ ನದಿ ಹರಡಿಕೊಂಡಿದೆ.

ಅಂಚಿನ ಜಾಗಕ್ಕೆ ಇನ್ನೂ ಒಂದು ಅನುಕೂಲ ಇದೆ. ಪದವಿನ ಮಟ್ಟದಿಂದ ಒಂದು ಸಣ್ಣ ಸೇತುವೆ ಹಾಕಿ ಇಳಿಜಾರಿನ ಮರಗಳ ತಲೆಯ ಹತ್ತಿರಕ್ಕೆ ನಡೆದುಕೊಂಡೇ ಹೋಗಬಹುದು. ಮೆಟ್ಟಿಲೇ ಬೇಡ. ಮಂಡಿ ನೋವಿನ ಅಜ್ಜಿ, ವೀಲ್‌ಚೇರಿನಲ್ಲಿ ಬಂದವರು, ಮಗುವನ್ನು ಎತ್ತಿಕೊಂಡ ತಾಯಿ ಎಲ್ಲರೂ ಒಂದೇ ದಾರಿಯಲ್ಲಿ ಹೋಗುತ್ತಾರೆ. ನಿಮ್ಮ ಊರಿನಲ್ಲಿ ಇಂಥ ಜಾಗ ಇದ್ದರೆ ಬೇರೆ ಯೋಚನೆ ಮಾಡಬೇಡಿ.

ಜಾಗ ಖಚಿತ ಮಾಡುವ ಮುಂಚೆ ಅಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ಹೋಗಿ ಕುಳಿತುಕೊಳ್ಳಿ. ಅಡಿಕೆ ಮರದ ತಾತ್ಕಾಲಿಕ ಅಟ್ಟಣಿಗೆ ಕಟ್ಟಿಸಿ ನೋಡಿದರೆ ಇನ್ನೂ ಒಳ್ಳೆಯದು. ಡ್ರೋನ್ ಫೋಟೋ ನೋಡಿ ತೀರ್ಮಾನ ಮಾಡಬೇಡಿ. ಡ್ರೋನ್‌ಗೆ ಸೆಖೆ, ಗಾಳಿ, ಸೊಳ್ಳೆ ಗೊತ್ತಾಗುವುದಿಲ್ಲ.

ಬೀಚಿನಲ್ಲೇ, ಅಳಿವೆ ಬಾಗಿಲಲ್ಲೇ ಕಟ್ಟಬಹುದಲ್ವಾ?

ಆಸೆ ಸಹಜ. ಕೋಡಿ ಬೆಂಗ್ರೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಸೀತಾ, ಸ್ವರ್ಣಾ ಎರಡೂ ಬಂದು ಸೇರುವ ಜಾಗ. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ. ಆದರೆ ಈ ಮರಳಿನ ನಾಲಿಗೆಗಳು ಒಂದೇ ಕಡೆ ನಿಲ್ಲುವುದಿಲ್ಲ. ಮಳೆಗಾಲದ ನೆರೆ, ಅಲೆ ಎರಡೂ ಸೇರಿ ಅವನ್ನು ಸರಿಸುತ್ತವೆ. ಉಳ್ಳಾಲ, ಪಡುಬಿದ್ರಿ, ಮರವಂತೆ ಕಡೆ ಕಡಲ್ಕೊರೆತ ನೋಡಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ಹೊಳೆಯ ಒಳದಂಡೆಯಲ್ಲಿ, ಗಟ್ಟಿ ನೆಲದಲ್ಲಿ ನಿಂತು ಅಳಿವೆಯ ಕಡೆಗೆ ನೋಡುವುದು ವಾಸಿ. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಮರುವಾಯಿ (ಚಿಪ್ಪುಮೀನು) ಹೆಕ್ಕುವವರು, ಕೈರಂಪಣಿ ಬಲೆಯನ್ನು ದಡದಿಂದ ಎರಡು ಸಾಲಾಗಿ ಎಳೆಯುವವರು, ನೀರಿನಲ್ಲಿ ಆ ಬಲೆಯ ದೊಡ್ಡ ಅರ್ಧಚಂದ್ರ, ಇವೆಲ್ಲ ಒಳದಂಡೆಯಿಂದಲೇ ಚೆನ್ನಾಗಿ ಕಾಣುತ್ತವೆ.

ಯಾವ ಯಾವ ಅನುಮತಿ ಬೇಕು?

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಅಂದರೆ ಎಲ್ಲರೂ ಸಿಆರ್‌ಝಡ್ ಅನ್ನುವುದು, ಮೊದಲು ನೋಡಬೇಕು. ಜನಸಾಂದ್ರತೆ ಕಡಿಮೆ ಇರುವ ಹಳ್ಳಿ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಾಯಂ ಕಟ್ಟಡಕ್ಕೆ ಸಾಮಾನ್ಯವಾಗಿ ಅವಕಾಶ ಇಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು 1,000 ಚದರ ಮೀಟರಿಗಿಂತ ದೊಡ್ಡದಿದ್ದರೆ ಸುತ್ತ 50 ಮೀಟರ್ ಬಿಡಬೇಕು. ಕಾಂಡ್ಲಾದ ನಡುವೆ ಮರದ ಕಾಲುದಾರಿಯಂಥ ಪರಿಸರ ಪ್ರವಾಸೋದ್ಯಮದ ಕೆಲಸಕ್ಕೆ ದಾರಿ ಇದೆ, ಆದರೆ ಅದು ಅನುಮೋದನೆಯಾದ ಕರಾವಳಿ ನಿರ್ವಹಣಾ ಯೋಜನೆಯಲ್ಲಿ ಸೇರಿರಬೇಕು. ಜಾಗ ಅರಣ್ಯ ಇಲಾಖೆಯದ್ದಾದರೆ ಅವರ ಅನುಮತಿ ಬೇಕು. ಬಜ್ಪೆ ವಿಮಾನ ನಿಲ್ದಾಣದ ಸುತ್ತಮುತ್ತ ಎತ್ತರದ ಮಿತಿ ಇದೆ, ಅಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಒಪ್ಪಿಗೆ ಪತ್ರ ಬೇಕು. ಲಿಫ್ಟ್ ಇದ್ದರೆ ವಿದ್ಯುತ್ ಪರಿವೀಕ್ಷಣಾಲಯ. ನಕ್ಷೆ ಬಿಡಿಸುವ ಮುಂಚೆಯೇ ಸರ್ವೆ ನಂಬರ್ ಹಿಡಿದು ಇವನ್ನೆಲ್ಲ ವಿಚಾರಿಸಿಕೊಳ್ಳಿ.

ಮುರಕಲ್ಲಿನ ನೆಲ ಗಟ್ಟಿ ಇದೆ. ಮಣ್ಣು ಪರೀಕ್ಷೆ ಬೇಕೇ ಬೇಕಾ?

ಬೇಕೇ ಬೇಕು. ಮೇಲಿನ ಮುರಕಲ್ಲು ಗಟ್ಟಿ ಇರುತ್ತದೆ, ನಿಜ. ಅದರ ಕೆಳಗೆ ಎಷ್ಟೋ ಕಡೆ ಶೇಡಿ ಮಣ್ಣು ಇರುತ್ತದೆ. ಬಾವಿ ತೋಡುವವರನ್ನು ಕೇಳಿ, ಬಿಳಿ, ಹಳದಿ, ನಸುಗೆಂಪು ಬಣ್ಣದ ಆ ಮಣ್ಣಿನ ಬಗ್ಗೆ ಅವರು ಹೇಳುತ್ತಾರೆ. ಒಣಗಿದ್ದಾಗ ಕಲ್ಲಿನಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಗುಡ್ಡ ಕಡಿದು ಶೇಡಿ ಬಯಲಿಗೆ ಬಂದ ಕಡೆಗಳಲ್ಲಿ ಮಳೆಗಾಲದಲ್ಲಿ ಕುಸಿತ ಆಗುವುದು ಹೀಗೆಯೇ.

ಆದ್ದರಿಂದ ಪದವಿನ ಅಂಚು ಒಳ್ಳೆಯ ಜಾಗ ಅಂತ ಮೇಲೆ ಹೇಳಿದ್ದಕ್ಕೆ ಒಂದು ಷರತ್ತು ಸೇರಿಸಿಕೊಳ್ಳಿ: ಅಂಚನ್ನು ಕಡಿಯಬಾರದು, ಅಲ್ಲಿಗೆ ಮಳೆನೀರು ಹರಿದು ಬರದಂತೆ ಮೇಲ್ಗಡೆಯೇ ಚರಂಡಿ ಮಾಡಿ ಬೇರೆ ಕಡೆ ತಿರುಗಿಸಬೇಕು. ಬೋರ್ ಹಾಕಿಸಿ ಶೇಡಿ ಎಷ್ಟು ಆಳಕ್ಕಿದೆ, ಅದರ ಕೆಳಗೆ ಏನಿದೆ ಅಂತ ತಿಳಿದುಕೊಂಡೇ ಅಡಿಪಾಯ ನಿರ್ಧರಿಸಿ. ಹೊಳೆ ದಂಡೆಯಲ್ಲಾದರೆ ಮೆತ್ತಗಿನ ಜೇಡಿ, ಮರಳು ಇರುತ್ತದೆ, ಬಹುತೇಕ ಪೈಲ್ ಅಡಿಪಾಯವೇ (ಆಳಕ್ಕೆ ಇಳಿಸಿದ ಕಂಬಗಳ ಮೇಲಿನ ಅಡಿಪಾಯ) ಗತಿ. ಸುರತ್ಕಲ್‌ನ ಇಂಜಿನಿಯರಿಂಗ್ ಸಂಸ್ಥೆ ಎನ್ಐಟಿಕೆಯಲ್ಲಿ ಈ ಭಾಗದ ಮಣ್ಣಿನ ಬಗ್ಗೆ ತಿಳಿದವರಿದ್ದಾರೆ. ಲೆಕ್ಕ ಒಮ್ಮೆ ಅಂಥವರ ಕಣ್ಣಿಗೆ ಬಿದ್ದರೆ ಒಳ್ಳೆಯದು.

ಕಬ್ಬಿಣವೋ, ಕಾಂಕ್ರೀಟೋ, ಮರವೋ?

ಏಪ್ರಿಲ್ ಸಂಜೆ ಮಲ್ಪೆಯಲ್ಲಿ ಯಾವುದಾದರೂ ಕಬ್ಬಿಣದ ಕಂಬಿಯ ಮೇಲೆ ಕೈ ಆಡಿಸಿ. ಅಂಟು ಅಂಟಾಗಿರುತ್ತದೆ, ಬೆರಳು ನೆಕ್ಕಿದರೆ ಉಪ್ಪು. ವೆಲ್ಡಿಂಗ್ ಮಾಡಿದ ಮೂಲೆಗಳಲ್ಲಿ, ಬೋಲ್ಟಿನ ಅಡಿಯಲ್ಲಿ ಕಂದು ಪುಡಿ ಉಬ್ಬಿರುತ್ತದೆ. ಈ ಉಪ್ಪು ತಡೆಯುವುದಷ್ಟೇ ಇಲ್ಲಿ ಸಾಮಗ್ರಿಗೆ ದೊಡ್ಡ ಪರೀಕ್ಷೆ.

ಕಬ್ಬಿಣ ಬಳಸುವುದಾದರೆ ಸುಮ್ನೆ ರೆಡ್ ಆಕ್ಸೈಡ್ ಬಳಿದು ಬಿಡಬೇಡಿ. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ದಪ್ಪ ಭಾಗಗಳಿಗೆ ಸುಮಾರು 85 ಮೈಕ್ರಾನ್ ಲೇಪ ಸಿಗುತ್ತದೆ. ಕಡಲ ಪಕ್ಕದಲ್ಲಿ ಅದು ವರ್ಷಕ್ಕೆ 4ರಿಂದ 8 ಮೈಕ್ರಾನ್ ಸವೆಯಬಹುದು. ಅಂದರೆ 10ರಿಂದ 20 ವರ್ಷ. ಅದರ ಮೇಲೆ ಒಳ್ಳೆಯ ಪೇಂಟ್ ಹಾಕಿದರೆ ಆಯುಷ್ಯ ಇನ್ನೂ ಜಾಸ್ತಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ದರ್ಜೆ ಇಲ್ಲಿ ಕಲೆ ಹಿಡಿಯುತ್ತದೆ. ಮಾಲಿಬ್ಡಿನಂ ಸೇರಿದ 316 ಕೇಳಿ ತರಿಸಿ, ಬೋಲ್ಟುಗಳಿಗಂತೂ ಅದೇ ಇರಲಿ.

ಡೆನ್ಮಾರ್ಕಿನ ಕಾಡಿನಲ್ಲಿ 2019ರಲ್ಲಿ ತೆರೆದ 45 ಮೀಟರ್ ಗೋಪುರದ ಫೋಟೋ ತೋರಿಸಿ ಹೀಗೇ ಬೇಕು ಅನ್ನುವವರು ತುಂಬಾ ಜನ. ನಡು ಸಣ್ಣಗಿರುವ, ತುಕ್ಕಿನ ಬಣ್ಣದ ಸುಂದರ ಗೋಪುರ. ಅದಕ್ಕೆ ಬಳಸಿದ್ದು ಕಾರ್ಟೆನ್ ಉಕ್ಕು. ಅದರ ಮೇಲ್ಮೈ ತುಕ್ಕೇ ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಉಪ್ಪುಗಾಳಿಯಲ್ಲಿ ಆ ರಕ್ಷಣೆಯ ಪದರ ಗಟ್ಟಿಯಾಗುವುದೇ ಇಲ್ಲ, ತುಕ್ಕು ಒಳಗೆ ಹೋಗುತ್ತಲೇ ಇರುತ್ತದೆ. ಕಾರ್ಕಳದ ಆಚೆ ಘಟ್ಟದ ಬುಡದಲ್ಲಿ ಬೇಕಾದರೆ ಯೋಚಿಸಬಹುದು, ಮಲ್ಪೆಯಲ್ಲಿ ಬೇಡ.

ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಸ್ಪಷ್ಟವಾಗಿ ಹೇಳುತ್ತದೆ. ಕಡಲ ನೀರಿನ ಸಿಂಚನ ಬೀಳುವ ಕಡೆ ಎಂ35 ದರ್ಜೆ, ಸರಳಿನ ಮೇಲೆ 50 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ. ಕೆಲಸದ ಹೊತ್ತಿಗೆ ಆ ಅಂತರ ಕಾಯುವ ಹೊದಿಕೆ ಬಿಲ್ಲೆಗಳನ್ನು (ಕವರ್ ಬ್ಲಾಕ್) ನೀವೇ ನಿಂತು ನೋಡಿ.

ಮರ ನನಗೆ ಇಷ್ಟ. ಇಡೀ ಗೋಪುರಕ್ಕೆ ಅಲ್ಲದಿದ್ದರೂ ಕೈಹಿಡಿ, ಬೆಂಚು, ಚಾವಣಿಗೆ. ಬಿಸಿಲಲ್ಲಿ ಕಬ್ಬಿಣದ ಕೈಹಿಡಿ ಸುಡುತ್ತದೆ, ಮರದ್ದು ಸುಡುವುದಿಲ್ಲ. ಮನುಷ್ಯ ಮುಟ್ಟುವ ಕಡೆಯೆಲ್ಲ ಮರ ಇರಲಿ ಅನ್ನುವುದು ನನ್ನ ನಿಯಮ. ದೋಣಿಗೆ ಬಳಸುತ್ತಿದ್ದ ಕಿರಾಲ ಬೋಗಿ, ಇಲ್ಲವೇ ತೇಗ, ಹಲಸು. ಮರದ ತುದಿಯಲ್ಲಿ ನೀರು ನಿಲ್ಲದಂತೆ ಓರೆ ಕೊಯ್ದು, ನೆಲದಿಂದ ಎತ್ತಿ ಕೂರಿಸಬೇಕು.

ಗಾಳಿ, ಜನರ ಭಾರ ಎಷ್ಟು ಹಿಡಿಯಬೇಕು?

ಕಟ್ಟಡದ ಮೇಲಿನ ಭಾರದ ಮಾನಕ ಐಎಸ್ 875ರ ಪ್ರಕಾರ ಮಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಗಂಟೆಗೆ ಸುಮಾರು 140 ಕಿಲೋಮೀಟರ್. ಎತ್ತರ, ಬಯಲು, ಗುಡ್ಡದ ಅಂಚು ನೋಡಿಕೊಂಡು ಇದು ಇನ್ನೂ ಏರುತ್ತದೆ. ಜನ ಸೇರುವ ನೆಲಕ್ಕೆ ಚದರ ಮೀಟರಿಗೆ ಸುಮಾರು 500 ಕಿಲೋ ಭಾರ ಹಿಡಿಯಬೇಕು. 50 ಚದರ ಮೀಟರಿನ ಅಟ್ಟಣಿಗೆ ಅಂದರೆ 25 ಟನ್. ದಿನಾ ಅಷ್ಟು ಜನ ಬರುವುದಿಲ್ಲ ಅಂತ ಕಡಿಮೆ ಮಾಡಬೇಡಿ. ಕಡಲಿನಲ್ಲಿ ಏನೋ ಕಂಡಿತು ಅಂದರೆ ಎಲ್ಲರೂ ಒಂದೇ ಮೂಲೆಗೆ ನುಗ್ಗುತ್ತಾರೆ. ಅದಕ್ಕೂ ಲೆಕ್ಕ ಹಾಕಬೇಕು, ಜನ ಒಟ್ಟಿಗೆ ಹೆಜ್ಜೆ ಹಾಕಿದಾಗ ಆಗುವ ಅಲುಗಾಟಕ್ಕೂ ಹಾಕಬೇಕು. ಅಂಚಿನ ತಡೆ ಕಂಬಿ 1.2 ಮೀಟರ್ ಎತ್ತರ, ನಡುವಿನ ಸಂದು 10 ಸೆಂಟಿಮೀಟರಿಗಿಂತ ಕಡಿಮೆ. ಮಕ್ಕಳು ಮೆಟ್ಟಿಲಂತೆ ಹತ್ತಬಲ್ಲ ಅಡ್ಡಪಟ್ಟಿ ಬೇಡ, ನಿಲುವು ಸರಳೇ ಇರಲಿ.

ಮಳೆಗಾಲದಲ್ಲಿ ಬಾಗಿಲು ಹಾಕುವುದೇ ಒಳ್ಳೆಯದಲ್ವಾ?

ಇಲ್ಲ. ಇದೊಂದು ವಿಷಯದಲ್ಲಿ ನಾನು ಹಟಮಾರಿ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೋಡುವಂಥದ್ದೂ ಆಗಲೇ ಜಾಸ್ತಿ. ಬೇಸಿಗೆಯಲ್ಲಿ ಬರೀ ಕಪ್ಪು ಬಂಡೆಯಾಗಿದ್ದ ಪದವು ಹಸಿರಾಗುತ್ತದೆ, ಕೀಟ ಹಿಡಿದು ತಿನ್ನುವ ಪುಟ್ಟ ನೀಲಿ ಹೂವಿನ ಗಿಡಗಳು ನೀರು ನಿಂತ ಕಡೆ ಏಳುತ್ತವೆ. ಬೈಲಿನಲ್ಲಿ ನೇಜಿ (ಭತ್ತದ ಸಸಿ) ನೆಡುತ್ತಾರೆ. ಹೊಳೆಯ ಕೆಂಪು ನೀರು ಕಡಲಿಗೆ ನುಗ್ಗಿ ಎರಡು ಬಣ್ಣದ ನಡುವೆ ಗೆರೆ ಎದ್ದು ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಬಂದರಿನ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಆಗ ಗೋಪುರಕ್ಕೆ ಬೀಗ ಹಾಕಿದರೆ ಅದನ್ನು ಕಟ್ಟಿ ಏನು ಸಿಕ್ಕ ಹಾಗಾಯಿತು?

ಮಳೆಗೆ ವಿನ್ಯಾಸ ಮಾಡುವುದು ಕಷ್ಟವಲ್ಲ, ಲೆಕ್ಕ ಬೇಕು ಅಷ್ಟೇ. ದಪ್ಪ ಹನಿ ಸೆಕೆಂಡಿಗೆ 6ರಿಂದ 9 ಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿಯೂ ಅಷ್ಟೇ ವೇಗದಲ್ಲಿದ್ದರೆ ಮಳೆ 45 ಡಿಗ್ರಿ ಓರೆಯಾಗಿ ಬರುತ್ತದೆ. ಎರಡೂವರೆ ಮೀಟರ್ ಎತ್ತರದ ಮಾಡು (ಚಾವಣಿ) ಕಂಬಿಯಿಂದ ಒಂದು ಮೀಟರ್ ಮುಂದೆ ಚಾಚಿದ್ದರೂ ಇರಚಲು ಒಂದೂವರೆ ಮೀಟರ್ ಒಳಗೆ ಬರುತ್ತದೆ. ಹಾಗಾಗಿ ಮಾಡಿನ ಅಂಚನ್ನು ತಗ್ಗಿಸಿ. ನೈಋತ್ಯ ಮತ್ತು ಪಶ್ಚಿಮಕ್ಕೆ ಓರೆ ಹಲಗೆಯ ಪರದೆ ಕೊಡಿ. ನಮ್ಮ ಹಿರಿಯರು ಮಳೆಗಾಲಕ್ಕೆ ಜಗಲಿಯ ಪಶ್ಚಿಮಕ್ಕೆ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಅಕ್ಟೋಬರಿನಲ್ಲಿ ಬಿಚ್ಚುತ್ತಿದ್ದರು. ಗೋಪುರದ ಪರದೆಯೂ ಹಾಗೇ ಬಿಚ್ಚಿಡುವಂತಿರಲಿ. ಅಟ್ಟಣಿಗೆಯ ಮಧ್ಯದಲ್ಲಿ, ಇರಚಲು ಮುಟ್ಟದ ಕಡೆ, ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಬೆಂಚು ಇಡಿ. ಮಂಗಳೂರು ಹಂಚು ಹಾಕುವ ಆಸೆ ಇದ್ದರೆ ಹಾಕಿ, 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಕಾರ್ಖಾನೆ ತೆರೆದಾಗಿನಿಂದ ಅದು ನಮ್ಮದೇ ವಸ್ತು. ಆದರೆ ಎತ್ತರದಲ್ಲಿ ಪ್ರತಿ ಹಂಚನ್ನೂ ತಂತಿಯಿಂದ ಬಿಗಿಯಬೇಕು.

ಮೆಟ್ಟಿಲಿನ ಕಲ್ಲು ನಯ ಇರಬಾರದು. ಜುಲೈ ಹೊತ್ತಿಗೆ ಹಾವಸೆ (ಪಾಚಿ) ಕಟ್ಟಿ ಜಾರುತ್ತದೆ. ಮುರಕಲ್ಲಿನ ಮೆಟ್ಟಿಲೂ ಜಾರುತ್ತದೆ. ಉಳಿ ಹಾಕಿ ಒರಟು ಮಾಡಿದ ಕರಿಕಲ್ಲು ಒಳ್ಳೆಯದು. ನೀರು ಹರಿದು ಹೋಗುವಷ್ಟು ಓರೆ ಕೊಡಿ, ವಾರಕ್ಕೊಮ್ಮೆ ಉಜ್ಜಿಸಿ. ಮೇಲೆ ಗಾಳಿ ಅಳೆಯುವ ಸಾಧನ ಇರಲಿ, ಇಂಜಿನಿಯರ್ ಹೇಳಿದ ಮಿತಿ ದಾಟಿದ ದಿನ ಮಾತ್ರ ಮುಚ್ಚಿ.

ಸಿಡಿಲಿಗೆ ಏನು ಮಾಡುವುದು?

ಆಗಲೂ ಮುಚ್ಚಲೇಬೇಕು. ಮಿಂಚುವಾಹಕ ಕಟ್ಟಡವನ್ನು ಉಳಿಸುತ್ತದೆ, ತೆರೆದ ಅಟ್ಟಣಿಗೆಯಲ್ಲಿ ನಿಂತವರನ್ನು ಉಳಿಸುತ್ತದೆ ಅನ್ನುವ ಭರವಸೆ ಇಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗೆ ಇದೆ ಅಂತ ಅರ್ಥ. ಎಲ್ಲರನ್ನೂ ಇಳಿಸಿ. ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ. ಏಪ್ರಿಲ್–ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಇದು ಹೆಚ್ಚು ಬೇಕಾಗುತ್ತದೆ.

ಮೆಟ್ಟಿಲು ಸಾಕಾ? ಇಳಿಜಾರು ದಾರಿ, ಲಿಫ್ಟ್ ಬೇಕಾ?

ಲೆಕ್ಕ ನೋಡಿ ನೀವೇ ಹೇಳಿ. 20 ಮೀಟರಿಗೆ 15 ಸೆಂಟಿಮೀಟರಿನ ಮೆಟ್ಟಿಲು 133 ಬೇಕು. ವೀಲ್‌ಚೇರ್ ಹೋಗುವಂತೆ 12ಕ್ಕೆ 1ರ ಇಳಿಜಾರು ಮಾಡಿದರೆ 240 ಮೀಟರ್ ಉದ್ದ, ನಡುನಡುವೆ ನಿಲ್ಲುವ ಜಾಗ ಸೇರಿ 280ರ ಹತ್ತಿರ. 10 ಮೀಟರ್ ಗೋಪುರವಾದರೆ ಇದರಲ್ಲಿ ಅರ್ಧ. ಗಿಡ್ಡ ಗೋಪುರದ ಪರವಾಗಿ ನಾನು ಮಾತಾಡಲು ಇದೂ ಒಂದು ಕಾರಣ. ಲಿಫ್ಟ್ ಉಪ್ಪುಗಾಳಿಗೆ ಬೇಗ ಕೆಡುತ್ತದೆ, ಕರೆಂಟ್ ಹೋದರೆ ಒಳಗಿದ್ದವರ ಗತಿ ಯೋಚಿಸಬೇಕು. ಎತ್ತರ ಕಡಿಮೆ ಮಾಡಲು ಆಗದೇ ಇದ್ದರೆ ಮಾತ್ರ ಹಾಕಿ, ಜನರೇಟರ್ ಜೊತೆಗೆ.

ಮೆಟ್ಟಿಲಾದರೆ ಹತ್ತುವ ದಾರಿ, ಇಳಿಯುವ ದಾರಿ ಬೇರೆ ಇದ್ದರೆ ಚೆಂದ. ಆಸ್ಟ್ರಿಯಾದಲ್ಲಿ ಮುರ್ ನದಿಯ ಪಕ್ಕದ 27 ಮೀಟರ್ ಗೋಪುರದಲ್ಲಿ ಎರಡು ಮೆಟ್ಟಿಲು ಸಾಲುಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಹೋಗುವವರಿಗೂ ಬರುವವರಿಗೂ ಎದುರಾಬದುರು ತಳ್ಳಾಟ ಇಲ್ಲ. ಭಾನುವಾರದ ನಮ್ಮ ಜನಜಂಗುಳಿಗೆ ಇದು ಹೇಳಿ ಮಾಡಿಸಿದ್ದು.

ಹತ್ತುವ ದಾರಿಯಲ್ಲಿ ಏನಿರಬೇಕು?

ಜನ ಇದನ್ನು ಕಡಿಮೆ ಕೇಳುತ್ತಾರೆ, ಜಾಸ್ತಿ ಕೇಳಬೇಕಿತ್ತು. ಪ್ರತಿ ತಿರುವಿನಲ್ಲಿ ಜಗಲಿಯಷ್ಟು ಅಗಲದ ಜಾಗ, ಒಂದು ಬೆಂಚು, ಒಂದೇ ಒಂದು ನೋಟ. ಮೂರು ಮೀಟರಿನಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಕಣ್ಣ ಮಟ್ಟಕ್ಕೆ ಸಿಗುತ್ತದೆ. ಆರು ಮೀಟರಿನಲ್ಲಿ ಮಾವಿನೆಲೆ ಹೊಲಿದು ಕಟ್ಟಿದ ಚಗಳಿ ಇರುವೆಯ ಗೂಡು, ಎಲೆಯ ಅಂಚಿಗೆ ಬಿಳಿ ನೂಲಿನ ಅಂಟು, ಹೊರಗೆ ಓಡಾಡುವ ಕೆಂಪು ಕಾವಲು. ಕೆಳಗಿನಿಂದ ನೋಡಿದರೆ ಅದು ಬರೀ ಒಣ ಎಲೆ ಮುದ್ದೆ. ಇನ್ನೂ ಮೇಲೆ ಹೋದರೆ ಗರುಡ ನಿಮಗಿಂತ ಕೆಳಗೆ ಹಾರುತ್ತದೆ, ಅದರ ಬೆನ್ನಿನ ಕೆಂಗಂದು ಬಣ್ಣ ಮೊದಲ ಸಲ ಕಾಣುತ್ತದೆ. ಹೀಗೆ ದಾರಿಯಲ್ಲೇ ನಿಲ್ಲಿಸುತ್ತಾ ಹೋದರೆ ಮೇಲೆ ಮುಟ್ಟುವ ಹೊತ್ತಿಗೆ ಕಣ್ಣು ತೆರೆದಿರುತ್ತದೆ. ಇರುವ ಮರ ಕಡಿಯದೆ ಮೆಟ್ಟಿಲನ್ನೇ ತಿರುಗಿಸಿದರೆ ಇದೆಲ್ಲ ಪುಕ್ಕಟೆ ಸಿಗುತ್ತದೆ.

ಸೂರ್ಯಾಸ್ತಕ್ಕೆ ಸರಿಯಾಗಿ ಪಶ್ಚಿಮಕ್ಕೆ ಮುಖ ಮಾಡಿಸಬೇಕಲ್ವಾ?

ಸೂರ್ಯ ದಿನಾ ಒಂದೇ ಕಡೆ ಮುಳುಗುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರಿನಲ್ಲಿ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಎಡಕ್ಕೆ, ಜೂನಿನಲ್ಲಿ ಅಷ್ಟೇ ಬಲಕ್ಕೆ. ಕಂಬ, ಟ್ಯಾಂಕು ಯಾವುದೂ ಆ ಹರವಿಗೆ ಅಡ್ಡ ಬರಬಾರದು. ಇನ್ನೊಂದು ಮಾತು. ಸಂಜೆಯ ಬೆಳಕು ಬೀಳುವುದು ಪೂರ್ವದ ಘಟ್ಟದ ಮೇಲೆ. ಮಳೆ ನಿಂತ ಅಕ್ಟೋಬರ್, ನವೆಂಬರಿನಲ್ಲಿ ಗಾಳಿ ತೊಳೆದಂತಿರುವಾಗ ಆ ನೀಲಿ ಸಾಲು ಮಡಿಕೆ ಮಡಿಕೆಯಾಗಿ ಬಿಡಿಸಿಕೊಳ್ಳುತ್ತದೆ. ಎಲ್ಲರೂ ಪಶ್ಚಿಮಕ್ಕೆ ತಿರುಗಿರುವ ಹೊತ್ತಿನಲ್ಲಿ ಪೂರ್ವಕ್ಕೂ ಒಂದು ಒಳ್ಳೆಯ ಬೆಂಚು ಇರಲಿ.

ಗಾಜಿನ ನೆಲ, ಗಾಜಿನ ಕಂಬಿ ಹಾಕಿದರೆ ಜನ ಬರ್ತಾರೆ ಅಂತಾರಲ್ಲ?

ಬರುತ್ತಾರೆ. ನೋಡುವುದು ಮಾತ್ರ ತಮ್ಮ ಕಾಲು, ಫೋನು. ಉಪ್ಪು ಕೂತು ಗಾಜು ಎರಡು ದಿನಕ್ಕೆ ಮಂಕಾಗುತ್ತದೆ, ಹಕ್ಕಿಗಳು ಡಿಕ್ಕಿ ಹೊಡೆದು ಸಾಯುತ್ತವೆ. ನನ್ನ ಸಲಹೆ ಬೇಡ ಅಂತಲೇ.

ರಾತ್ರಿ ಲೈಟ್ ಹಾಕಬಹುದಾ?

ಕಡಲ ತೀರದಲ್ಲಿ ತುಂಬಾ ಎಚ್ಚರ ಬೇಕು. ನಮ್ಮ ಮರಳಿನಲ್ಲಿ ಚಳಿಗಾಲದ ಹೊತ್ತಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಮರಿಗಳು ಬೆಳಕು ಜಾಸ್ತಿ ಇರುವ ಕಡೆಗೆ ಹೋಗುತ್ತವೆ. ಕತ್ತಲ ತೀರದಲ್ಲಿ ಅದು ಕಡಲು. ಗೋಪುರದಲ್ಲಿ ಬಿಳಿ ಫ್ಲಡ್‌ಲೈಟ್ ಉರಿದರೆ ಮರಿಗಳು ಕಡಲು ಬಿಟ್ಟು ರಸ್ತೆಗೆ ಬರುತ್ತವೆ. ಮೆಟ್ಟಿಲಿನ ಬುಡಕ್ಕೆ ಮಾತ್ರ, ಕೆಳಮುಖವಾಗಿ, ಕೆಂಪು ಮಿಶ್ರಿತ ಹಳದಿ ಬೆಳಕು ಸಾಕು. ಅಲಂಕಾರದ ಸರದೀಪಗಳು ಖಂಡಿತ ಬೇಡ. ಘಟ್ಟದ ಬುಡದಲ್ಲಾದರೆ ಮಳೆ ಹಿಡಿಯುವ ಮುಂಚಿನ ಮಿಣುಕುಹುಳುಗಳಿಗೋಸ್ಕರ ಎಲ್ಲವನ್ನೂ ಆರಿಸಿ.

ಪಕ್ಕದಲ್ಲಿ ನಾಗಬನ ಇದೆ, ಮನೆಗಳೂ ಇವೆ. ತೊಂದರೆ ಆಗುತ್ತಾ?

ಊರಿನವರನ್ನು ಕೇಳದೆ ಒಂದು ಗುದ್ದಲಿಯೂ ಹಾಕಬೇಡಿ. ನಾಗಬನ, ದೈವಸ್ಥಾನಗಳನ್ನು ಮೇಲಿನಿಂದ ಇಣುಕುವಂತೆ ಕಟ್ಟಿದರೆ ಜನರ ಮನಸ್ಸಿಗೆ ನೋವಾಗುತ್ತದೆ. ಬನ ಅಂದರೆ ಕೊಡಲಿ ಬೀಳದ ಹಳೆಯ ಕಾಡಿನ ತುಂಡು ಕೂಡ, ಅಲ್ಲಿನ ಹಕ್ಕಿಗಳಿಗೂ ನೆಮ್ಮದಿ ಬೇಕು. ಮನೆಯ ಅಂಗಳ, ಬಾವಿಕಟ್ಟೆ, ಬಚ್ಚಲಿನ ಕಡೆ ದೃಷ್ಟಿ ಹೋಗದಂತೆ ಆ ದಿಕ್ಕಿಗೆ ಹಲಗೆಯ ಗೋಡೆ ಕೊಡಿ. ಅಟ್ಟಣಿಗೆಯ ಎಲ್ಲ ದಿಕ್ಕೂ ತೆರೆದೇ ಇರಬೇಕು ಅಂತೇನಿಲ್ಲ.

ಮಾಹಿತಿ ಫಲಕ, ದುರ್ಬೀನು ಬೇಕಾ?

ಒಂದೇ ಫಲಕ ಸಾಕು. ಎದುರಿಗೆ ಕಾಣುವ ದಿಗಂತದ ಗೆರೆಚಿತ್ರ, ಪ್ರತಿ ಗುಡ್ಡ, ಹೊಳೆ, ದ್ವೀಪದ ಹೆಸರು. ಹೆಸರುಗಳನ್ನು ಗೂಗಲ್ ಮ್ಯಾಪಿನಿಂದ ತೆಗೆಯದೆ ಊರಿನ ಹಿರಿಯರನ್ನು, ಮೀನುಗಾರರನ್ನು ಕೇಳಿ ಬರೆಸಿ. ಕನ್ನಡ, ತುಳು ಎರಡೂ ಇರಲಿ. ಮಲ್ಪೆ ಕಡೆಯಾದರೆ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ ಲಾವಾ ತಣ್ಣಗಾಗಿ ಆದವು ಅಂತ ಎರಡು ಸಾಲು ಬರೆಯಿರಿ. ಮಕ್ಕಳು ಮತ್ತೆ ಮತ್ತೆ ಓದುತ್ತಾರೆ. ಫಲಕ 80 ಸೆಂಟಿಮೀಟರ್ ಎತ್ತರದಲ್ಲಿ ಓರೆಯಾಗಿ ಇದ್ದರೆ ಅವರಿಗೂ ಸಿಗುತ್ತದೆ. ನಾಣ್ಯ ಹಾಕುವ ದುರ್ಬೀನು ತುಕ್ಕು ಹಿಡಿದು ನಿಲ್ಲುತ್ತದೆ. ಕೆಳಗಿನ ಕೌಂಟರಿನಲ್ಲಿ 8x42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿಲಿಮೀಟರ್ ಗಾಜಿನ) ಬೈನಾಕುಲರ್ ಬಾಡಿಗೆಗೆ ಇಡಿ.

ಗೋಪುರದ ಬುಡದಲ್ಲಿ ಅಂಗಡಿ, ಪಾರ್ಕಿಂಗ್?

ಸ್ವಲ್ಪ ದೂರ ಇರಲಿ. ಐದು ನಿಮಿಷ ನೆರಳಿನಲ್ಲಿ ನಡೆದು ಬರುವಷ್ಟು. ಕುರ್ಕುರೆ ಪ್ಯಾಕೆಟ್ ಮೇಲೆ ಹೋದರೆ ಮಂಗಗಳೂ ಮೇಲೆ ಬರುತ್ತವೆ. ಕುಡಿಯುವ ನೀರು, ಶೌಚಾಲಯ ಮಾತ್ರ ಹತ್ತಿರ ಬೇಕು.

ಕಟ್ಟಿದ ಮೇಲೆ ಯಾರು ನೋಡಿಕೊಳ್ಳಬೇಕು?

ಟೆಂಡರಿಗೆ ಮುಂಚೆ ಇದನ್ನು ಬರಹದಲ್ಲಿ ತೀರ್ಮಾನಿಸಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಬೋಲ್ಟು, ವೆಲ್ಡಿಂಗ್, ಮಾಡು, ಚರಂಡಿ, ಮಿಂಚುವಾಹಕದ ಭೂಸಂಪರ್ಕ ನೋಡಬೇಕು. ಅಕ್ಟೋಬರಿನಲ್ಲಿ ಉಪ್ಪು ತೊಳೆದು ಪೇಂಟ್ ಎದ್ದ ಕಡೆ ಮತ್ತೆ ಬಳಿಯಬೇಕು. ಮೇಲೆ ಒಮ್ಮೆಗೆ ಎಷ್ಟು ಜನ ಅಂತ ಎಣಿಸಿ ಬಿಡಲು ಒಬ್ಬರು ಬೇಕು, ಊರಿನವರೇ ಆದರೆ ಒಳ್ಳೆಯದು. ಯಾವ ಹಕ್ಕಿ ಎಲ್ಲಿ ಕೂರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ, ಕೇಳಿದವರಿಗೆ ತೋರಿಸುತ್ತಾರೆ. ಈ ಸಂಬಳ, ಈ ಎರಡು ಸಲದ ಕೆಲಸಕ್ಕೆ ಟಿಕೆಟ್ ಹಣದಲ್ಲಿ ಪ್ರತ್ಯೇಕ ಖಾತೆ ತೆರೆದಿಡಿ.